ಬೀಳುವವರಿಗೆ ಹಾಸಿಗೆ ಹೊಲಿಯುವ ಅಕ್ಕ

ಬೆಳಗಿನ ಆರು ಗಂಟೆ. ಹಾಸಿಗೆ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಐವತ್ತೆಂಟರ ಹೆಂಗಸೊಬ್ಬರು ಕನ್ನಡಕ ತೆಗೆದಿಟ್ಟು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ ನಿಂತಿದ್ದಾರೆ. ಮೇಜು ಅಲುಗದಂತೆ ಹಿಡಿದಿರುವ ಗಂಡ ಗೊಣಗುತ್ತಿದ್ದಾರೆ: "ಸೊಂಟ ಮುರ್ಕೊಂಡ್ರೆ ನನ್ನನ್ನ ಕೇಳ್ಬೇಡ." ಹೆಂಗಸು ಕೆಳಗಿನ ಹಾಸಿಗೆಗೆ ಧೊಪ್ಪೆಂದು ಹಾರುತ್ತಾರೆ. ಎದ್ದು ಮತ್ತೆ ಮೇಜು ಹತ್ತುತ್ತಾರೆ. ನನಗೆ ತಲೆಬುಡ ತಿಳಿಯುವುದಿಲ್ಲ.

ಬೀದಿಯವರೆಲ್ಲ 'ಹಾಸಿಗೆ ಅಕ್ಕ' ಎನ್ನುವ ಇವರು ಮೂವತ್ತು ವರ್ಷ ಹೊಲಿದದ್ದು ಮಲಗುವವರಿಗೆ. ನಾಲ್ಕು ವರ್ಷದಿಂದ ಬೀಳುವವರಿಗೂ ಹೊಲಿಯುತ್ತಾರೆ. ಹಗ್ಗವಿಲ್ಲದೆ ಬಂಡೆ ಹತ್ತುವ ಬೌಲ್ಡರಿಂಗ್ ಆಟದವರಿಗೆ ಕೆಳಗೆ ಹಾಸಲು ದಪ್ಪ ಫೋಮಿನ ಹಾಸಿಗೆ ಬೇಕು. ವಾರಕ್ಕೆ ಎರಡು, ಒಂದೊಂದಕ್ಕೂ ಒಂಬತ್ತು ಗಂಟೆ ದುಡಿಮೆ, ಕಡಿಮೆಯೆಂದರೂ ಮೂರು ಸೂಜಿ ಮುರಿಯುತ್ತವೆ.

"ಬಂಡೆ ಹಿಂದ್ಗಡೆ ಆರಾಮಾಗಿ ಹತ್ತೋಕೆ ದಾರಿ ಇದ್ಯಂತೆ. ಆದ್ರೂ ಮುಂದಿನಿಂದಾನೇ ಹತ್ತಿ ಬೀಳ್ತಾರೆ. ಯಾಕೆ ಅಂತ ಕೇಳಿದ್ರೆ ನಗ್ತಾರೆ. ನಾನೂ ನಗ್ತಿದ್ದೆ, ಅರ್ಥ ಆದೋಳ ಥರ."

ಆ ನಗು ನಿಂತದ್ದು ಏಳು ತಿಂಗಳ ಹಿಂದೆ. ಬೆನ್ನಿಗೆ ಹೊತ್ತೊಯ್ಯಲು ಅನುಕೂಲವಾಗಲೆಂದು ಅಕ್ಕ ಹಾಸಿಗೆಯನ್ನು ನಡುವೆ ಮಡಚುವಂತೆ ಹೊಲಿಯುತ್ತಿದ್ದರು. ಬಂಡೆ ಹತ್ತುತ್ತಿದ್ದ ಹಲ್ಲಿನ ಡಾಕ್ಟರಮ್ಮ ಒಬ್ಬಳು ಸರಿಯಾಗಿ ಆ ಮಡಿಕೆಯ ಮೇಲೇ ಬಿದ್ದಳು. ಎರಡು ಫೋಮುಗಳ ಸಂದಿಯಲ್ಲಿ ಕಾಲು ಇಳಿದು ನೆಲಕ್ಕೆ ಬಡಿಯಿತು, ಪಾದದ ಮೂಳೆ ಮುರಿಯಿತು. ಕುಂಟುತ್ತ ಅಂಗಡಿಗೆ ಬಂದವಳು, "ತಪ್ಪು ನಂದೇ ಅಕ್ಕಾ, ಸರಿಯಾಗಿ ಬೀಳೋಕೆ ಬರ್ಲಿಲ್ಲ" ಅಂದಳು.

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಅಕ್ಕ. "ಬೀಳೋದ್ರಲ್ಲೂ ಸರಿ ತಪ್ಪು ಇರತ್ತಾ? ತಪ್ಪು ಅವಳ್ದೋ, ನನ್ ಹೊಲಿಗೇದೋ, ಇವತ್ತಿಗೂ ಗೊತ್ತಾಗ್ತಿಲ್ಲ."

ಗೊತ್ತಾಗದಿದ್ದರೂ ಕೈ ಸುಮ್ಮನೆ ಕೂತಿಲ್ಲ. ಈಗ ಫೋಮನ್ನು ನಡುವೆ ಓರೆಯಾಗಿ ಕತ್ತರಿಸುತ್ತಾರೆ. ಬಿಚ್ಚಿ ಹಾಸಿದರೆ ಒಂದರ ಅಂಚು ಇನ್ನೊಂದರ ಮೇಲೆ ಕೂತು ಸಂದಿ ಮುಚ್ಚುತ್ತದೆ. ಆಮೇಲೆ ಮಡಿಕೆಯ ಮೇಲೆ ತಾವೇ ಇಪ್ಪತ್ತು ಸಲ ಹಾರುತ್ತಾರೆ. ನಾನು ನೋಡಿದ್ದು ಅದನ್ನೇ. ಆದರೆ ಮೇಜಿನ ಎತ್ತರ ಎಲ್ಲಿ, ಬಂಡೆಯ ಎತ್ತರ ಎಲ್ಲಿ!

ಈ ಹಾಸಿಗೆ ಅದೇ ಡಾಕ್ಟರಮ್ಮನದು. ಮೂಳೆ ಕೂಡಿದೆ, ಇವತ್ತು ಅದೇ ಬಂಡೆಗೆ ಹೊರಟಿದ್ದಾಳೆ. ಏಳಕ್ಕೆ ಬಂದವಳು ಹಾಸಿಗೆ ಬೆನ್ನಿಗೇರಿಸಿ, "ಬರ್ತೀನಿ ಅಕ್ಕಾ" ಎಂದು ನಡೆಯುತ್ತಾಳೆ. ತಿರುವಿನಲ್ಲಿ ಅವಳು ಮರೆಯಾಗುವವರೆಗೂ ಅಕ್ಕ ಬಾಗಿಲಲ್ಲೇ ನಿಂತಿರುತ್ತಾರೆ.

"ಅವಳು ಬೀಳ್ದೇ ಇದ್ರೆ ಹಾಸಿಗೆ ಸರಿ ಇದ್ಯೋ ಇಲ್ವೋ ನಂಗೆ ಗೊತ್ತಾಗಲ್ಲ. ಗೊತ್ತಾಗ್ಬೇಕು ಅಂದ್ರೆ ಅವಳು ಬೀಳ್ಬೇಕು. ಏನಂತ ಆಸೆ ಪಡ್ಲಿ, ನೀವೇ ಹೇಳಿ?"

ಅಕ್ಕ ಮುರಿದ ಸೂಜಿಗಳನ್ನು ಗುಡಿಸಿ ಡಬ್ಬಿಗೆ ಹಾಕುತ್ತಾರೆ.

"ಬಿದ್ದಾದ್ರೂ ಬರ್ಲಿ, ಬೀಳ್ದೇ ಆದ್ರೂ ಬರ್ಲಿ. ನಡ್ಕೊಂಡು ಬರ್ಲಿ."