ಆ ಹುಡುಗಿ ನಕ್ಕಿದ್ದಳಲ್ಲ

ಸೇಲಂನಲ್ಲಿ ನಾವು ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು, ಬರೆಯಲು ಕಲಿಯುತ್ತಿರುವವರು, ಸುಮ್ಮನೆ ಟೀ ಕುಡಿಯಲು ಬರುವವರು, ಎಲ್ಲರಿಗೂ ಜಾಗವಿದೆ. ಜಾಗವೆಂದರೆ ಒಂದು ಟ್ಯೂಷನ್ ಸೆಂಟರಿನ ಮಹಡಿ ಕೋಣೆ. ವಾರವೆಲ್ಲ ಅಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ, ಭಾನುವಾರ ನಮಗೆ ಪುಕ್ಕಟೆ ಬಿಡುತ್ತಾರೆ. ಯಾರಾದರೊಬ್ಬರು ತಾವು ಮಾಡಿದ್ದನ್ನು ಪರದೆಯ ಮೇಲೆ ತೋರಿಸುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ, ವಾದ ಹಾಕುತ್ತಾರೆ, ಅಷ್ಟರಲ್ಲಿ ಟೀ ಬರುತ್ತದೆ. ಮಾತೆಲ್ಲ ತಮಿಳಿನಲ್ಲಿ. ನಾನು ನೇಕಾರರ ಮನೆಯವಳು, ಮನೆಯಲ್ಲಿ ಕನ್ನಡ. ಆ ಮೆಟ್ಟಿಲು ಹತ್ತುವಾಗ ಕನ್ನಡವನ್ನು ಚಪ್ಪಲಿಯ ಜೊತೆ ಕೆಳಗೇ ಬಿಟ್ಟು ಹೋಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಈ ಕೂಟವನ್ನು ನಡೆಸುವವನು ಕಾಲೇಜೊಂದರಲ್ಲಿ ಪಾಠ ಹೇಳುವ ತಮಿಳು ಹುಡುಗ. ಬಲು ಶಿಸ್ತಿನವನು. ಚೆನ್ನೈನ ದೊಡ್ಡ ಸಮ್ಮೇಳನವೊಂದಕ್ಕೆ ಹೋಗಿ ಬಂದವನು ಅಲ್ಲಿಂದ ನಡತೆಯ ನಿಯಮಗಳನ್ನು ತಂದ, ಕೂತು ತಮಿಳಿಗೆ ತಿರುಗಿಸಿದ, ಪ್ರತಿ ಸಲ ಶುರುವಿನಲ್ಲೇ ಓದಿ ಹೇಳತೊಡಗಿದ. ಯಾರನ್ನೂ ಹೆಣ್ಣು ಗಂಡು ಜಾತಿ ಬಟ್ಟೆ ಮೈಕಟ್ಟು ಹಿಡಿದು ಆಡಿಕೊಳ್ಳಬಾರದು. ಎದುರಿನವರಿಗೆ ಬೇಡದ ಮಾತು ಆಡಬಾರದು. ಹಾಗೇನಾದರೂ ಆದರೆ ಈ ಅಕ್ಕನಿಗೆ ಹೇಳಬೇಕು. ಈ ಅಕ್ಕ ಅಂದರೆ ನಾನು. ಹೆಂಗಸು, ಮೇಲಾಗಿ ತಲೆ ನರೆತವಳು, ಇನ್ನೇನು ಅರ್ಹತೆ ಬೇಕು? ದೂರು ಬಂದರೆ ನಾನೇನಪ್ಪ ಮಾಡಬೇಕು ಎಂದು ಕೇಳಿದೆ. ‘ಅದು ನಿಮಗೇ ಗೊತ್ತಾಗುತ್ತೆ ಅಕ್ಕ’ ಅಂದ. ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಭಾನುವಾರ ಮಾರಂಡಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಧರ್ಮಪುರಿಯಲ್ಲಿ ಕಂಪ್ಯೂಟರ್ ಓದಿ ಮುಗಿಸಿ ಮನೆಯಲ್ಲಿದ್ದವಳು. ಧರ್ಮಪುರಿಯಲ್ಲಿ ಬಸ್ಸು ಬದಲಿಸಿ ಅಷ್ಟು ದೂರದಿಂದ ಬಂದಿದ್ದಳು, ಜೊತೆಗೆ ಅಣ್ಣ. ಅವನಿಗೆ ತರಕಾರಿ ಮಂಡಿಯಲ್ಲಿ ಕೆಲಸ. ಒಳಗೆ ಬಾರಪ್ಪ ಎಂದರೆ ಬರಲಿಲ್ಲ, ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಹುಡುಗಿಯ ಬಾಯಲ್ಲಿ ಕನ್ನಡ ಕೇಳಿ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ನನಗಿಂತ ಖುಷಿಯಾದದ್ದು ನಂಗವಳ್ಳಿಯವನಿಗೆ.

ನಂಗವಳ್ಳಿಯವನ ವಿಷಯ ಹೇಳಬೇಕು. ನಮ್ಮಲ್ಲಿ ಅವನಷ್ಟು ಕೆಲಸ ಬಲ್ಲವರಿಲ್ಲ. ಹೊಸಬರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಬೇಸರವಿಲ್ಲದೆ, ಅವರ ತಪ್ಪನ್ನು ಅವರೇ ಹುಡುಕುವ ತನಕ ಬಿಡುವವನಲ್ಲ. ಮದುವೆಯಾಗಿದೆ, ಒಂದು ಮಗುವಿದೆ. ಕನ್ನಡದವನು, ನನಗೆ ವರಸೆಯಲ್ಲಿ ತಮ್ಮ. ಹಾಗಾಗಿ ನನ್ನ ಹತ್ತಿರ ಅವನ ಬಾಯಿ ಯಾವತ್ತೂ ಅಡ್ಡ ಹರಿದದ್ದಿಲ್ಲ.

ನಮ್ಮ ಕಡೆ ಇಬ್ಬರು ನಮ್ಮವರು ಸಿಕ್ಕರೆ ಮೊದಲು ಮಾಡುವ ಕೆಲಸ ವರಸೆ ಹುಡುಕುವುದು. ನಿಮ್ಮವ್ವನ ತವರು ಎಲ್ಲಿ, ಯಾರ ಮನೆ, ಆ ಮನೆಗೆ ನಮ್ಮಿಂದ ಯಾರು ಹೋಗಿದ್ದರು ಎಂದು ಎಳೆ ಹಿಡಿದು ಹೋದರೆ ಎಲ್ಲೋ ಒಂದು ಕಡೆ ನೆಂಟಸ್ತಿಕೆ ಸಿಕ್ಕೇ ಸಿಗುತ್ತದೆ. ಅಣ್ಣ ತಂಗಿ ಅಂತಾದರೆ ಬಾಯಿ ಬಿಗಿ ಹಿಡಿಯಬೇಕು. ಮಾವನ ಮಗಳೋ ಅತ್ತೆಯ ಮಗಳೋ ಆದಳೆಂದರೆ, ಅಂದರೆ ಮದುವೆಯಾಗಬಹುದಾದ ವರಸೆಯವಳಾದರೆ, ರೇಗಿಸಬಹುದು. ರೇಗಿಸಬೇಕು ಕೂಡ. ಅದೇ ಆದರ. ರೇಗಿಸದೆ ಸುಮ್ಮನಿದ್ದರೆ ‘ಏನು, ನಮ್ಮನ್ನ ಬ್ಯಾರೆಯೋರು ಮಾಡ್ಬಿಟ್ಯಾ’ ಎಂದು ಮುನಿಸಿಕೊಳ್ಳುವವರನ್ನು ನಾನೇ ಕಂಡಿದ್ದೇನೆ.

‘ನಿಮ್ಮವ್ವನ ತವರು ಎಲ್ಲಮ್ಮ?’ ಅಂತ ಅವನು ಕೇಳಿದ.

‘ನಂಗವಳ್ಳಿ’ ಅಂದಳು.

‘ಅಯ್ಯೋ, ಯಾರ ಮನೆ?’

ಅವಳು ಹೇಳಿದಳು. ಅವನು ಬೆರಳು ಮಡಿಸಿ ಎಣಿಸಿ ಮುಖ ಅರಳಿಸಿಕೊಂಡ. ‘ಅಂಗಾದ್ರೆ ನಿಮ್ಮಪ್ಪ ನಂಗೆ ಮಾವ ಆಗ್ಬೇಕು. ನೀನು ನಂಗೆ ಕಟ್ಕಳೋ ವರಸೆ ಕಣಮ್ಮಿ. ಮನೇಲಿ ಒಬ್ಳು ಅವ್ಳೆ, ಪರವಾಗಿಲ್ಲ, ಇಬ್ರೂ ಒಂದ್ಕಂಡು ಇರಿ.’

ಅವಳು ನಕ್ಕಳು. ನಾನೂ ನಕ್ಕೆ. ಅಂಥ ಮಾತಿಗೆ ನಗುವುದನ್ನು ನಮ್ಮ ಬಾಯಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವಳು ಮುಂದಿನ ತಿಂಗಳೂ ಬಂದಳು, ಅದರ ಮುಂದಿನ ತಿಂಗಳೂ ಬಂದಳು. ಅವನು ಬಿಡಲಿಲ್ಲ. ‘ನಮ್ಮನೆಯೋಳು ಲ್ಯಾಪ್‌ಟಾಪ್ ತಂದವ್ಳೆ, ಚಾರ್ಜರ್‌ಗೆ ಜಾಗ ಬಿಡ್ರಪ್ಪ.’ ‘ನೀನು ಕೊಟ್ರೆ ಟೀಗೆ ಸಕ್ಕರೆ ಯಾಕೆ?’ ಎಲ್ಲ ಕನ್ನಡದಲ್ಲಿ, ಎಲ್ಲರೆದುರು ಗಟ್ಟಿಯಾಗಿ. ಕೋಣೆಯೊಳಗೆ ಅರ್ಥವಾಗುತ್ತಿದ್ದದ್ದು ನನಗೆ ಮತ್ತು ಅವಳಿಗೆ. ಅವಳು ಪ್ರತಿ ಸಲವೂ ನಕ್ಕಳು. ಆದರೆ ಅವನಿಗೆ ಉತ್ತರ ಕೊಡುವಾಗ ತಮಿಳಿಗೆ ತಿರುಗಿದಳು, ಕೂರುವ ಜಾಗ ಆಚೆ ಗೋಡೆಯ ಬದಿಗೆ ಹೋಯಿತು. ನನಗೆ ಇದು ತಿಳಿದೂ ತಿಳಿಯದ ಹಾಗಿತ್ತು. ತಮಾಷೆಯೇ ಇರಬೇಕು ಅಂದುಕೊಂಡೆ. ತಮಾಷೆಯಾದರೆ ಆ ಗೋಡೆಯ ಪಕ್ಕ ಅವಳಿಗೇನು ಕೆಲಸ ಅಂತಲೂ ಅನಿಸಿತು.

ಕೊನೆಗೆ ನೀರಿನ ಕ್ಯಾನಿನ ಹತ್ತಿರ ಅವಳೊಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ. ‘ಅವನು ಅಂಗೆಲ್ಲ ಅಂತಾನಲ್ಲ, ನಿಂಗೆ ಬ್ಯಾಸರ ಐತಾ?’

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ‘ನಂಗೆ ಮೈಯೆಲ್ಲ ಉರೀತೈತೆ ಅಕ್ಕ.’

‘ಮತ್ತೆ ನಗ್ತೀಯಲ್ಲ?’

‘ಅಣ್ಣ ಅಲ್ಲೇ ಕುಂತವ್ನೆ. ಅವ್ನಿಗೂ ಕೇಳ್ತೈತೆ. ನಾನು ನಕ್ರೆ ವರಸೆ ಮಾತು ಅಂತ ಸುಮ್ಕಿರ್ತಾನೆ. ಮಕ ಸಪ್ಪಗೆ ಮಾಡಿದ್ರೆ ಇದೇನೋ ಸರಿ ಇಲ್ಲ ಅಂತಾನೆ. ಆಮ್ಯಾಕೆ ಅವ್ರಿಗೇನೂ ಆಗಕಿಲ್ಲ, ನಾನು ಮನೇಲಿರ್ತೀನಿ.’ ಲೋಟ ತೊಳೆದಿಟ್ಟಳು. ‘ಮುಂದಿನ ತಿಂಗಳು ನಾನು ಮಾಡಿರೋದು ತೋರ್ಸಬೇಕು. ಅದಾಗೋವರ್ಗೂ ಏನೂ ಮಾಡ್ಬ್ಯಾಡಿ.’

ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ನಿಯಮದಲ್ಲಿ ಬರೆದದ್ದು, ದೂರು ಕೊಟ್ಟರೆ ನಾವು ನೋಡಿಕೊಳ್ಳುತ್ತೇವೆ ಅಂತ. ಇಲ್ಲಿ ದೂರು ಅಂದ ಕೂಡಲೇ ಮನೆ ಸೇರುವವಳು ಅವಳು. ಹಾಗಂತ ಸುಮ್ಮನಿದ್ದರೆ ತಿಂಗಳು ತಿಂಗಳೂ ಮೈ ಉರಿಸಿಕೊಂಡು ನಗಬೇಕಾದವಳೂ ಅವಳೇ. ಅಡಕತ್ತರಿಯಲ್ಲಿ ಅಡಕೆ ಸಿಕ್ಕಿಕೊಂಡ ಹಾಗೆ ಎನ್ನುತ್ತಾರಲ್ಲ, ಹಾಗಾಯಿತು. ಮನೆಗೆ ಬಂದರೆ ಇನ್ನೊಂದು ಯೋಚನೆ. ನನ್ನ ಅತ್ತೆಯ ಮಕ್ಕಳು ಮದುವೆ ಮನೆಗಳಲ್ಲಿ ನನ್ನನ್ನು ರೇಗಿಸುತ್ತಿದ್ದರು, ನಾನೂ ನಗುತ್ತಿದ್ದೆ. ಆಗ ನನಗೆ ಅದು ಇಷ್ಟವಿತ್ತೇ? ನಕ್ಕದ್ದು ನೆನಪಿದೆ, ನಗು ಒಳಗಿಂದ ಬಂದಿತ್ತೋ ಇಲ್ಲವೋ ನೆನಪಿಲ್ಲ. ಆ ರಾತ್ರಿ ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲ ಎಂದು ಮನೆಯವರು ಊಟ ಮುಗಿಸಿದ ಮೇಲೆ ಹೇಳಿದರು.

ಏನೂ ಮಾಡಬೇಡಿ ಅಂದಿದ್ದಳು, ಆದರೂ ತಡೆಯಲಾರದೆ ಮರುದಿನ ಕೂಟ ನಡೆಸುವ ಹುಡುಗನಿಗೆ ಫೋನ್ ಮಾಡಿದೆ. ಒಬ್ಬಳು ಹೀಗೆ ಹೇಳುತ್ತಿದ್ದಾಳೆ, ಗಲಾಟೆ ಬೇಡ ಅನ್ನುತ್ತಿದ್ದಾಳೆ ಅಂದೆ. ಅವನು ಉರಿದುಬಿದ್ದ. ಯಾರೇ ಆಗಲಿ, ಎಷ್ಟೇ ಬಲ್ಲವನಾಗಲಿ, ಈ ಕ್ಷಣವೇ ಹೊರಗೆ ಎಂದ. ಏನಂದ ಅವನು, ಮಾತಿಗೆ ಮಾತು ತಮಿಳಿನಲ್ಲಿ ಹೇಳಿ ಅಂದ. ಹೇಳಿದೆ. ಅವಳು ಅವನಿಗೆ ಕಟ್ಟಿಕೊಳ್ಳುವ ವರಸೆಯಂತೆ ಅನ್ನುವುದನ್ನೂ ಹೇಳಿದೆ.

ಆ ಕಡೆ ದನಿ ಸಣ್ಣಗಾಯಿತು. ‘ಓ, ಮುರೈಯಾ?’ ಅಂದ. ವರಸೆಗೆ ತಮಿಳಿನವರು ಹೇಳುವುದು ಹಾಗೆ. ‘ನಮ್ಮೂರಲ್ಲೂ ಇದೆ ಅಕ್ಕ. ನನ್ನ ಅಕ್ಕನಿಗೂ ಹಿಂಗೇ ಅಂತಿದ್ರು.’

‘ಹಂಗಾದರೆ ಇದು ತಪ್ಪೋ ಅಲ್ಲವೋ?’

‘ತಪ್ಪೇ’ ಅಂದ. ಸ್ವಲ್ಪ ತಡೆದು, ‘ಅಲ್ವಾ?’ ಅಂತ ನನ್ನನ್ನೇ ಕೇಳಿದ.

ಒಳ್ಳೆ ಕಥೆಯಾಯಿತು. ನಿಯಮ ತಂದವನಿಗೇ ಗೊತ್ತಿಲ್ಲ, ನಾನು ಯಾರನ್ನು ಕೇಳಲಿ? ಕೊನೆಗೆ ನಾನೇ ನಂಗವಳ್ಳಿಯವನ ಹತ್ತಿರ ಅಕ್ಕನ ಹಾಗೆ ಮಾತಾಡುವುದು, ಹುಡುಗಿಯ ಅಣ್ಣನ ಕಿವಿಗೆ ಏನೂ ಬೀಳದ ಹಾಗೆ ನೋಡಿಕೊಳ್ಳುವುದು ಎಂದಾಯಿತು.

ಫೋನಿನಲ್ಲಿ ಹೇಳಿದರೆ ನಂಗವಳ್ಳಿಯವನು ಮೊದಲು ನಂಬಲಿಲ್ಲ. ‘ಅವ್ಳು ನಗ್ತಿದ್ಲಲ್ಲ ಅಕ್ಕ’ ಅಂದ.

‘ನಗದೆ ಏನು ಮಾಡ್ತಾಳೆ? ಅಳಬೇಕಿತ್ತಾ ನಿನ್ನ ಮುಂದೆ?’

‘ಅಷ್ಟು ಜನ ತಮಿಳಿನವ್ರ ಮಧ್ಯೆ ನಮ್ಮ ಮಗು ಒಂದೇ ಬಂದೈತೆ, ನಮ್ಮೋರು ಅವ್ರೆ ಅಂತ ಅನ್ನಿಸ್ಲಿ ಅಂತ ಅಂದೆ. ಬ್ಯಾರೆಯೋಳ ತರ ಬಿಟ್ಬಿಡ್ಬೇಕಿತ್ತಾ?’

ಅವನ ದನಿಯಲ್ಲಿ ಸುಳ್ಳಿರಲಿಲ್ಲ, ಅದೇ ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ‘ಅವ್ಳು ಪ್ರೋಗ್ರಾಂ ಕಲಿಯಾಕೆ ಬಂದವ್ಳೆ ಕಣೋ, ನೆಂಟರ ಮನೆಗಲ್ಲ’ ಅಂದೆ. ‘ನಿನ್ನಷ್ಟು ಕೆಲ್ಸ ಬಲ್ಲೋನು ಅಲ್ಲಿ ಇನ್ನೊಬ್ಬ ಇಲ್ಲ. ಅವ್ಳು ಒಂದು ಸಲನಾದ್ರೂ ನಿನ್ನ ಹತ್ರ ಡೌಟ್ ಕೇಳವ್ಳಾ? ಯಾಕೆ ಕೇಳಿಲ್ಲ, ಯೋಚ್ನೆ ಮಾಡು.’ ಅವನು ‘ಸರಿ ಅಕ್ಕ’ ಎಂದು ಫೋನ್ ಇಟ್ಟುಬಿಟ್ಟ. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮುಂದಿನ ತಿಂಗಳ ಭಾನುವಾರ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಹೋದರೆ, ಇದು ಇನ್ನೊಂದೇ ಥರ ಕೆಟ್ಟಿತ್ತು. ಆ ಹುಡುಗಿಯ ಕಡೆಯಿಂದ ದೂರೊಂದು ಬಂದಿದೆ ಎಂಬ ವಾಸನೆ ಹುಡುಗರಿಗೆಲ್ಲ ಹೇಗೋ ಹತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಆ ಹುಡುಗಿ ಒಳಗೆ ಬಂದರೆ ದಾರಿ ಬಿಟ್ಟು ಗೋಡೆಗಂಟಿಕೊಂಡರು. ಪ್ರೊಜೆಕ್ಟರಿಗೆ ವೈರು ಸೇರಿಸಲು ಅವಳು ಒದ್ದಾಡುತ್ತಿದ್ದರೆ ಒಬ್ಬನೂ ಎದ್ದು ಬರಲಿಲ್ಲ. ಟೀ ಲೋಟವನ್ನು ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಹೋದರು. ಯಾರೂ ಅವಳನ್ನು ಏನೂ ಅನ್ನಲಿಲ್ಲ. ನಿಯಮ ಹಿಡಿದು ನೋಡಿದರೆ ಎಲ್ಲರೂ ನೂರಕ್ಕೆ ನೂರು. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಅಲ್ಲೇ ನಿಂತು ಯೋಚಿಸುತ್ತ, ಅವಳ ವೈರನ್ನು ನಾನೇ ಹೋಗಿ ತಪ್ಪು ತೂತಿಗೆ ಚುಚ್ಚಿದೆ.

ಅವಳು ಮಾಡಿದ್ದು ಬಸ್ಸು ಎಲ್ಲಿ ಬರುತ್ತಿದೆ ಎಂದು ತೋರಿಸುವ ಪ್ರೋಗ್ರಾಂ. ಧರ್ಮಪುರಿಯಿಂದ ಸೇಲಂಗೆ ಬರುವ ಬಸ್ಸಿನೊಳಗೆ ಕೂತವರ ಫೋನಿನಿಂದ ಜಾಗ ತಿಳಿದುಕೊಂಡು, ಮುಂದಿನ ನಿಲ್ದಾಣದಲ್ಲಿ ಕಾಯುವವರಿಗೆ ತೋರಿಸುತ್ತದೆ. ಚೆನ್ನಾಗಿ ಹೇಳಿದಳು. ಮುಗಿದ ಮೇಲೆ ‘ಪ್ರಶ್ನೆ ಇದ್ದರೆ ಕೇಳಿ’ ಅಂದಳು. ಒಬ್ಬನೂ ಬಾಯಿ ಬಿಡಲಿಲ್ಲ. ಬೇರೆಯವರ ಸರದಿಯಲ್ಲಿ ತರಕಾರಿ ಸಂತೆಯ ಹಾಗೆ ಕಿರುಚಾಡುವ ಹುಡುಗರೆಲ್ಲ ನೆಲ ನೋಡುತ್ತಿದ್ದರು. ಅವಳ ಮುಖ ಇಳಿಯಿತು. ಅಷ್ಟು ದೂರದಿಂದ ಬಂದದ್ದು ಇದಕ್ಕೇ, ಅದು ಹೀಗೆ ಮುಗಿದುಹೋಗುತ್ತಿತ್ತು.

ಆಗ ನಂಗವಳ್ಳಿಯವನು ಕೈ ಎತ್ತಿದ. ಅವನು ತಮಿಳಿನಲ್ಲಿ, ಬಹುವಚನದಲ್ಲಿ ಕೇಳಿದ: ‘ದಾರಿಯಲ್ಲಿ ತೊಪ್ಪೂರು ಘಾಟಿಯಲ್ಲಿ ಸಿಗ್ನಲ್ ಹೋಗುತ್ತದೆ. ಆಗ ನಿಮ್ಮದು ಏನು ತೋರಿಸುತ್ತೆ?’

‘ಕೊನೆಗೆ ಎಲ್ಲಿತ್ತೋ ಅಲ್ಲೇ ತೋರಿಸುತ್ತೆ.’

‘ಅಂದರೆ ಸೇಲಂನಲ್ಲಿ ಕಾಯುವವರು ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿದೆ ಅಂದುಕೊಳ್ಳುತ್ತಾರೆ. ಇದು ಸುಳ್ಳು ಹೇಳಿದ ಹಾಗಾಗಲಿಲ್ಲವೇ?’

‘ಇದರಲ್ಲಿ ಸುಳ್ಳೇನು ಬಂತು? ಗೊತ್ತಿರೋದನ್ನ ಹೇಳುತ್ತೆ.’

‘ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನಬೇಕು. ನಿಮ್ಮದು ಅನ್ನುತ್ತಿಲ್ಲ.’

ಅವಳು ಬಿಡಲಿಲ್ಲ, ಅವನೂ ಬಿಡಲಿಲ್ಲ. ದನಿ ಏರಿತು. ಅವಳು ಪರದೆಯನ್ನು ಕುಟ್ಟಿ ತೋರಿಸುತ್ತಿದ್ದಳು, ಅವನು ಎದ್ದು ನಿಂತಿದ್ದ. ಇಬ್ಬರು ಹುಡುಗರು ಅವಳ ಕಡೆ ಸೇರಿ ವಾದಿಸಿದರು, ಒಬ್ಬ ಅವನ ಕಡೆ. ನಾನು ಮಧ್ಯೆ ಬೀಳಬೇಕೇ ಬೇಡವೇ ತಿಳಿಯದೆ ಕುರ್ಚಿಯಿಂದ ಅರ್ಧ ಎದ್ದು ಹಾಗೇ ಇದ್ದೆ. ತಲೆ ತಿರುಗಿಸಿದರೆ ಬಾಗಿಲಲ್ಲಿ ಅವಳ ಅಣ್ಣ ನಿಂತಿದ್ದ. ಮುಗಿಯಿತು ಕಥೆ ಅಂದುಕೊಂಡೆ.

ಎಲ್ಲ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ತನಕ ನಾನೂ ಆ ಅಣ್ಣ ತಂಗಿಯ ಜೊತೆ ನಡೆದೆ. ಹುಡುಗಿ ನನ್ನ ಪಕ್ಕದಲ್ಲಿ ಬಂದಳು. ಧರ್ಮಪುರಿ ಬಸ್ಸಿನ ಹತ್ತಿರ ನಿಂತು ಅಣ್ಣ ನನ್ನ ಕಡೆ ತಿರುಗಿದ.

‘ಅಕ್ಕ, ಅವ್ರು ಯಾಕಂಗೆ ಕೂಗಾಡಿದ್ದು ಇವ್ಳ ಮ್ಯಾಲೆ?’

‘ಅವಳ ಪ್ರೋಗ್ರಾಂ ವಿಷಯಕ್ಕಪ್ಪ. ಘಾಟಿಯಲ್ಲಿ ಸಿಗ್ನಲ್ ಹೋದರೆ ಏನು ತೋರಿಸಬೇಕು ಅಂತ.’

ಅವನು ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದ. ‘ಯಾರು ಅಂದದ್ದು ಸರಿ?’

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳದೇ ಸರಿ ಎಂದುಬಿಟ್ಟರೆ ಈ ಅಣ್ಣ ಮುಂದಿನ ತಿಂಗಳು ಕಳಿಸುತ್ತಾನೋ, ತಪ್ಪು ಎಂದರೆ ನಿಲ್ಲಿಸುತ್ತಾನೋ, ನನಗೆ ಒಂದೂ ತಿಳಿಯಲಿಲ್ಲ. ತಿಳಿದಿದ್ದ ಒಂದನ್ನೇ ಹೇಳಿದೆ.

‘ಅವರು ಅಂದದ್ದೇ ಸರಿ. ಇವಳದ್ರಲ್ಲಿ ತಪ್ಪೈತೆ.’

ಅವನು ತಂಗಿಯ ಕಡೆ ತಿರುಗಿದ. ‘ಮತ್ತೆ ತಪ್ಪು ಇಟ್ಕಂಡು ಅಷ್ಟು ಗಟ್ಟಿಯಾಗಿ ಮಾತಾಡ್ದೆ?’ ಅಂದ. ಬೈದದ್ದೋ ಮೆಚ್ಚಿಕೊಂಡದ್ದೋ ಅವನ ಮುಖದಲ್ಲಿ ಕಾಣಲಿಲ್ಲ. ‘ಸರಿ ಮಾಡು. ಮುಂದಿನ ತಿಂಗಳು ಅವ್ರಿಗೇ ತೋರ್ಸು.’

ಹೇಳಿ ಬಸ್ಸು ಹತ್ತಿ, ಅವಳಿಗೆ ಕಿಟಕಿ ಬಿಟ್ಟು ಕೂತ. ಅವಳು ಹತ್ತದೆ ಒಂದು ಗಳಿಗೆ ನಿಂತಳು. ನಂಗವಳ್ಳಿಯವನಿಗೆ ಇನ್ನು ಏನು ಹೇಳಲಿ, ಮೆತ್ತಗೆ ಮಾತಾಡು ಅನ್ನಲೇ ಎಂದು ಕೇಳಿದೆ.

‘ಬ್ಯಾಡಿ ಅಕ್ಕ’ ಅಂದಳು. ‘ಇವತ್ತಿನಂಗೆ ವಾದ ಹಾಕೋದು ಮಾತ್ರ ಬಿಡಿಸ್ಬ್ಯಾಡಿ.’