ಆಂಪ್ಲಿಫೈಯರಿಗೆ ಇಟ್ಟ ಕುಂಕುಮ

ಶಿರಾದ ಗುಜರಿಯಲ್ಲಿ ಸಿಕ್ಕ ಹಳೇ ರೇಡಿಯೋದ ಗಾಜಿನ ಬುರುಡೆಯಂಥ ವಾಲ್ವ್‌ಗಳನ್ನಿಟ್ಟು ನಾನೇ ಬೆಸುಗೆ ಹಾಕಿ ಮಾಡಿದ ಆಂಪ್ಲಿಫೈಯರು ಕೊನೆಗೂ ಮಧುಗಿರಿಯ ನಮ್ಮ ನಡುಮನೆಯಲ್ಲಿ ಕೂತಿತ್ತು. ಬೇವಿನ ಹಲಗೆಯ ಪೆಟ್ಟಿಗೆಗೆ ಹಚ್ಚಿದ ಪಾಲಿಶ್ ಇನ್ನೂ ಘಮ್ಮೆನ್ನುತ್ತಿತ್ತು. ಫೋನನ್ನೂ ಎರಡು ಸ್ಪೀಕರುಗಳನ್ನೂ ಅದಕ್ಕೆ ಜೋಡಿಸಿ, ನಾದಸ್ವರ ಹಚ್ಚಿ, ತಡೆಯಲಾರದೆ ಸ್ವಿಚ್ ಹಾಕಿದೆ. ಸದ್ದೇ ಇಲ್ಲ! ವಾಲ್ವ್ ಬಿಸಿಯಾಗಲು ಅರ್ಧ ನಿಮಿಷವಾದರೂ ಬೇಕೆಂಬುದು ಆ ಆತುರದಲ್ಲಿ ನನಗೇ ಮರೆತುಹೋಗಿತ್ತು.

"ಹೊಸ ಸಾಮಾನಿಗೆ ಪೂಜೆ ಮಾಡ್ದೆ ಹೆಂಗ್ಲಾ ಹಾಡ್ತದೆ?" ಎಂದು ಗದರಿದ ಅಮ್ಮ, ದೇವರ ಗೂಡಿನಿಂದ ಕುಂಕುಮ ತಂದು ಪೆಟ್ಟಿಗೆಗೆ ಇಟ್ಟಳು. ಬೆರಳು ತೆಗೆಯುವಷ್ಟರಲ್ಲಿ ಎರಡೂ ಸ್ಪೀಕರುಗಳಿಂದ ನಾದಸ್ವರ ಭೋರ್ಗರೆಯಿತು. ನಾನು ಕುಣಿದೇಬಿಟ್ಟೆ.

"ನೋಡ್ದಾ?" ಎಂದಳು ಅಮ್ಮ.

ವಾಲ್ವಿನ ವಿಚಾರ ಹೇಳಲು ಬಾಯಿ ತೆರೆದವನು, ಹೆಮ್ಮೆಯಿಂದ ಬೀಗುತ್ತಿದ್ದ ಅವಳ ಮುಖ ನೋಡಿ ವಾಲ್ಯೂಮು ಏರಿಸಿದೆ. ಈಗಲೂ ಮೊದಲು ಸ್ವಿಚ್ ಹಾಕಿ, ಆಮೇಲೆ ಕುಂಕುಮ ಇಡಲು ಅಮ್ಮನನ್ನು ಕೂಗುತ್ತೇನೆ.