ಜಗಳಗಂಟರಿಗೆ ಒಂದೇ ಎಲೆ

ಮಹಾತ್ಮರು ಹೋದರೂ ಅವರ ತತ್ವ ಸಾಯುವುದಿಲ್ಲ. ಅದನ್ನು ಸಾಯಿಸಲು ಜಯನಗರದ ನಮ್ಮ ಸ್ಮಾರಕ ಸಮಿತಿ ಅರವತ್ತರ ದಶಕದಲ್ಲೊಮ್ಮೆ ಕೈಲಾದಷ್ಟು ಪ್ರಯತ್ನಿಸಿತು.

ಅಹಿಂಸೆಗಾಗಿ, ಸಹಭೋಜನಕ್ಕಾಗಿ ದುಡಿದ ದಿವಂಗತ ಶಾಸಕರೊಬ್ಬರ ಜಯಂತಿ ಅದು. ಪಟಕ್ಕೆ ಯಾರು ಹಾರ ಹಾಕಬೇಕೆಂದು ಅಧ್ಯಕ್ಷರೂ ಕಾರ್ಯದರ್ಶಿಯೂ ಎಳೆದಾಡಿ ಹಾರ ಹರಿಯಿತು. "ಸಮಿತಿ ಇವತ್ತಿಗೆ ಮುಗೀತು ಕಣ್ರೀ!" ಎಂದು ಅಧ್ಯಕ್ಷರು ಗುಡುಗಿದರು. ಕಾರ್ಯದರ್ಶಿ ಖಾದಿ ಜುಬ್ಬದ ತೋಳೇರಿಸಿದರು.

ಶಾಸಕರ ಪತ್ನಿ ಊಟದ ಸಾಲಿನಿಂದ ಒಂದು ಬಾಳೆಲೆ ಎತ್ತಿಬಿಟ್ಟರು. "ನಮ್ಮೆಜಮಾನ್ರು ಇದ್ದಾಗ ಜಗಳ ಆಡ್ದೋರಿಗೆ ಒಂದೇ ಎಲೆ. ಕೂತ್ಕೊಳ್ಳಿ ಇಬ್ರೂ."

"ಎಂಜಲಾಗುತ್ತಲ್ಲಮ್ಮಾ!" ಎಂದರು ಕಾರ್ಯದರ್ಶಿ.

"ಆಗ್ಲಿ. ಬಲಗೈಗೆ ಕೆಲಸ ಇದ್ರೆ ಹೊಡೆಯೋಕೆ ಬಿಡುವಿರಲ್ಲ."

ಹೋಳಿಗೆ ಬರುವ ಹೊತ್ತಿಗೆ ಅಧ್ಯಕ್ಷರು, "ನೀವು ತಗೊಳ್ರೀ ಮೊದ್ಲು" ಎನ್ನುತ್ತಿದ್ದರು.

ಅಂದಿನಿಂದ ಪ್ರತಿ ಜಯಂತಿಗೂ ಅವರಿಬ್ಬರಿಗೆ ಒಂದೇ ಎಲೆ. ಹಾರ ಹರಿದ ಆ ವರ್ಷ ಮಾತ್ರ ಪಟಕ್ಕೆ ಹಾರ ಬೀಳಲಿಲ್ಲ.